ನೈರೋಬಿಯಲ್ಲಿ ಒಂದು ನಿರ್ಜಲ ಶನಿವಾರ

ಯಾವ ಊರಿಗೆ ಹೋದರೂ ನಾನು ಮೊದಲು ವಿಚಾರಿಸುವುದು ದೇವಸ್ಥಾನವನ್ನಲ್ಲ, ಶೌಚಾಲಯವನ್ನು. ಪ್ರವಾಸದ ಕಥೆಯನ್ನು ಹೀಗೆ ಶುರು ಮಾಡುವುದು ಅಷ್ಟು ಸಭ್ಯವಲ್ಲ ಎಂದು ನನಗೂ ಗೊತ್ತು. ಬರೆಯುವವರೆಲ್ಲ ಸೂರ್ಯೋದಯದಿಂದಲೋ ವಿಮಾನದ ಕಿಟಕಿಯಿಂದಲೋ ಶುರು ಮಾಡುತ್ತಾರೆ. ಅವರಿಗೆ ದೇವರು ಗಟ್ಟಿ ಮೂತ್ರಕೋಶ ಕೊಟ್ಟಿರಬೇಕು. ನನಗೆ ಕೊಟ್ಟಿಲ್ಲ, ಅಥವಾ ಕೊಟ್ಟಿದ್ದನ್ನು ನಾನೇ ಹಾಳು ಮಾಡಿಕೊಂಡೆ.

ನಾನು ಅರಸೀಕೆರೆ ಸುತ್ತಮುತ್ತಲಿನ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಕೆಲಸಕ್ಕೆ ಸೇರಿದ ಕಾಲದಲ್ಲಿ ಹೆಂಗಸರಿಗೆಂದು ಶೌಚಾಲಯವಿದ್ದ ಶಾಲೆ ಸಿಕ್ಕರೆ ಅದೇ ಪುಣ್ಯ. ಇದ್ದರೂ ಅದಕ್ಕೆ ಬೀಗ, ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ. ಅವರ ಮುಂದೆ ನಿಂತು ಕೈ ಚಾಚುವುದಕ್ಕಿಂತ ಬೆಳಗಿನಿಂದ ನೀರು ಮುಟ್ಟದೆ ಇರುವುದೇ ವಾಸಿ ಎಂದು ಟೀಚರುಗಳೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ತೀರ್ಮಾನಿಸಿದ್ದೆವು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಒಂದು ತಂಬಿಗೆ ನೀರು ಗಟಗಟ ಕುಡಿಯುತ್ತಿದ್ದೆ. ಹೀಗೆ ಜೀವಮಾನವಿಡೀ ಮಾಡಿದ್ದಕ್ಕೆ ಈಗ ದೇಹ ಬಡ್ಡಿ ಸಮೇತ ವಸೂಲಿ ಮಾಡುತ್ತಿದೆ. ಬಂತು ಎಂದರೆ ಬಂತು, ಕಾಯುವ ಮಾತೇ ಇಲ್ಲ. ಆದ್ದರಿಂದ ನಾನು ಬಸ್ಸು ಹತ್ತುವವಳಲ್ಲ. ಶಾಲೆಯ ಮಕ್ಕಳ ಪ್ರವಾಸಕ್ಕೂ ಹೋದವಳಲ್ಲ, ಎಷ್ಟೋ ಮದುವೆಗಳನ್ನು ತಪ್ಪಿಸಿಕೊಂಡವಳು. ರೈಲು ಮಾತ್ರ ಹತ್ತುತ್ತೇನೆ. ಅರಸೀಕೆರೆಯವರಿಗೆ ರೈಲಿನ ಮೇಲೆ ಅಭಿಮಾನ ಸಹಜ. ನನ್ನ ಅಭಿಮಾನಕ್ಕೆ ಕಾರಣ ಬೋಗಿಯ ಎರಡು ತುದಿಯಲ್ಲಿರುತ್ತದೆ.

ಇಂಥವಳು ಆಫ್ರಿಕಾಕ್ಕೆ ಹೊರಟಿದ್ದಕ್ಕೆ ಒಂದು ಕಾರಣವಿತ್ತು. ಪ್ರತಿ ವರ್ಷ ಎಂಟನೇ ತರಗತಿಗೆ ‘ಸವನ್ನಾ ಹುಲ್ಲುಗಾವಲು’ ಪಾಠ ಬರುತ್ತಿತ್ತು. ನಾನು ಬೋರ್ಡಿನ ಮೇಲೆ ಚಪ್ಪಟೆ ತಲೆಯ ಜಾಲಿ ಮರ ಬಿಡಿಸಿ, ಕೆಳಗೆ ಹುಲ್ಲಿನ ಗೆರೆ ಎಳೆದು, ಮೂಲೆಯಲ್ಲೊಂದು ಸಿಂಹ ಬರೆಯುತ್ತಿದ್ದೆ. ಸಿಂಹ ನಾಯಿಯ ಹಾಗಿದೆ ಎಂದು ಹುಡುಗರು ನಗುತ್ತಿದ್ದರು. ಆ ಹುಲ್ಲನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆಯನ್ನು ನಾನು ಯಾರಿಗೂ ಹೇಳಿರಲಿಲ್ಲ, ನನ್ನ ತಂಗಿ ಪದ್ಮನೊಬ್ಬಳಿಗೆ ಬಿಟ್ಟು. ವಿಮಾನದಲ್ಲಿ ಶೌಚಾಲಯವಿರುತ್ತದೆ ಎಂದು ಖಾತ್ರಿ ಮಾಡಿಕೊಂಡು ಹೊರಟುಬಿಟ್ಟೆ.

ಪಂಗಾನಿ

ಪದ್ಮನ ಗಂಡ ಪ್ರಸಾದ್ ಟೆಲಿಕಾಂ ಕಂಪನಿಯೊಂದರ ಕೆಲಸದ ಮೇಲೆ ಬೆಂಗಳೂರಿನಿಂದ ನೈರೋಬಿಗೆ ಬಂದವನು. ಮನೆ ಪಂಗಾನಿಯಲ್ಲಿ, ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ. ಕೆಳಗೆ ಅಂಗಡಿ ಸಾಲು, ಎದುರಿಗೆ ಮಟಾಟುಗಳ ಸಾಲು. ಮಟಾಟು ಎಂದರೆ ನಮ್ಮ ಟೆಂಪೋಗೆ ಮದುವೆ ಅಲಂಕಾರ ಮಾಡಿ ಹಾಡು ಹಚ್ಚಿದ ಹಾಗೆ. ನಾನು ಹೋದದ್ದು ಆಗಸ್ಟಿನಲ್ಲಿ. ಸುಡುವ ಆಫ್ರಿಕಾ ಎಂದು ಬಿಳಿ ಕಾಟನ್ ಸೀರೆ ತುಂಬಿಕೊಂಡು ಹೋದವಳು ಇಳಿದ ಮೊದಲ ದಿನವೇ ಪದ್ಮನ ಸ್ವೆಟರ್ ಹಾಕಿಕೊಂಡು ಕೂತೆ. ಹುಡುಗರಿಗೆ ಇಷ್ಟು ವರ್ಷ ತಪ್ಪು ಹೇಳಿಕೊಟ್ಟೆನೇನೋ ಎಂದು ಅನುಮಾನವಾಯಿತು. ಚಳಿಯಲ್ಲಿ ನನ್ನ ಕಾಯಿಲೆ ಇನ್ನೂ ಜಾಸ್ತಿ. ಆದರೆ ತಂಗಿಯ ಮನೆಯಲ್ಲಿ ಎರಡು ಬಾತ್‌ರೂಮ್ ಇದ್ದದ್ದನ್ನು ಕಂಡು ಧೈರ್ಯ ಬಂತು.

ಪದ್ಮನ ಮಗಳು ಇಶಾ ಹೈಸ್ಕೂಲು ಹುಡುಗಿ. ನಾವು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಇಶಾ, ನಿಂಗೆ ಸಿಂಹ ಅಂದ್ರೆ ಭಯ ಇಲ್ವೇನೆ?”

“ನಾಟ್ ರಿಯಲಿ, ದೊಡ್ಡಮ್ಮ. ದೇ ಜಸ್ಟ್ ಸ್ಲೀಪ್ ಆಲ್ ಡೇ.”

ಸಿಂಹವೂ ನಮ್ಮ ಹೆಡ್‌ಮಾಸ್ಟರ ಹಾಗೆಯೇ ಎಂದುಕೊಂಡೆ.

ಬಂದ ವಾರವೇ ಪ್ರಸಾದ್ ಸಭೆ ಕರೆದ. ಮುಂದಿನ ಶನಿವಾರ ಮಾರಾ ಅಭಯಾರಣ್ಯಕ್ಕೆ ಹೊರಡುವುದು, ಸೋಮವಾರ ಹಿಂದಿರುಗುವುದು. ಅವನು ಯಾವ ಕೆಲಸವನ್ನೂ ಸುಮ್ಮನೆ ಮಾಡುವವನಲ್ಲ. ಟೀವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಬಣ್ಣಬಣ್ಣದ ಚೌಕಗಳಲ್ಲಿ ನಮ್ಮ ರಜೆಯನ್ನು ಬಿಡಿಸಿಟ್ಟಿದ್ದ. ಮೇಲಿನ ಮಹಡಿಯ ಶೈಲಾ ಕೂಡ ಬಂದು ಕೂತಿದ್ದಳು. ಉಡುಪಿ ಕಡೆಯವಳು, ನಮ್ಮ ಜೊತೆ ಸಫಾರಿಗೆ ಬರುವವಳು. ಅವಳ ಗಂಡ ರಮೇಶ್ ಫ್ಯಾಕ್ಟರಿ ಮ್ಯಾನೇಜರ್, ಕೆಲಸ ಬಿಟ್ಟು ಬರಲಾರರು.

“ನೋಡಿ ಅಕ್ಕ,” ಎಂದು ಪ್ರಸಾದ್ ಟೀವಿ ತೋರಿಸಿದ. “ಬ್ರೇಕ್‌ಫಾಸ್ಟ್ ಗ್ರೀನ್, ಲಂಚ್ ಯೆಲ್ಲೋ, ಅನಿಮಲ್ಸ್ ಎಲ್ಲಾ ಆರೆಂಜ್. ಚಪಾತಿ, ಪುಳಿಯೋಗರೆ, ಚಟ್ನಿಪುಡಿ, ಎಲ್ಲಾ ಪ್ಲ್ಯಾನ್ ಆಗಿದೆ. ಲಾಸ್ಟ್‌ಗೆ ಸ್ವಲ್ಪ ರಸ್ತೆ ಕೆಟ್ಟಿದೆ. ಡ್ರೈವರ್‌ಗಳು ಅದನ್ನ ಆಫ್ರಿಕನ್ ಮಸಾಜ್ ಅಂತಾರೆ, ಫ್ರೀ!”

ಎಲ್ಲರೂ ನಕ್ಕರು. ನಾನು ಹಸಿರು, ಹಳದಿ, ಕಿತ್ತಳೆ ಚೌಕಗಳ ನಡುವೆ ನನ್ನ ಬಣ್ಣದ ಚೌಕ ಹುಡುಕಿದೆ. ಎಲ್ಲೂ ಇರಲಿಲ್ಲ. ಅಷ್ಟು ಬುದ್ಧಿವಂತನಾದ ಮನುಷ್ಯ ಮಸಾಲೆ ಡಬ್ಬಿಗೂ ಒಂದು ಚೌಕ ಕೊಟ್ಟಿದ್ದ, ಇದಕ್ಕೆ ಕೊಟ್ಟಿರಲಿಲ್ಲ. ಕೇಳೋಣವೆಂದರೆ ತಂಗಿಯ ಗಂಡ. ಪದ್ಮನಿಗೆ ಹೇಳೋಣವೆಂದರೆ, ಅಕ್ಕನ ಆಸೆ ತೀರಿಸುತ್ತಿದ್ದೇನೆಂದು ಅವಳ ಮುಖವೆಲ್ಲ ಹಿಗ್ಗಿತ್ತು. ‘ಅಕ್ಕನಿಗೆ ಆಗಲ್ಲ, ಬೇಡ ಬಿಡಿ’ ಎಂದು ಎಲ್ಲಿ ಯಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೋ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ.

ಆಮೇಲೆ ಪ್ರಸಾದ್ ಹಿಂದಿನ ವರ್ಷದ ಸಫಾರಿಯ ಫೋಟೋಗಳನ್ನು ತೋರಿಸಿದ. ಆನೆ ಇತ್ತು, ಜಿರಾಫೆ ಇತ್ತು. ನಡುನಡುವೆ ಬರೀ ಪೊದೆಗಳು. ಒಂದು ಪೊದೆ, ಇನ್ನೊಂದು ಪೊದೆ, ವ್ಯಾನಿನ ಹಿಂದಿನ ಚಕ್ರ, ಮತ್ತೆ ಪೊದೆ.

“ಇದ್ರಲ್ಲಿ ಯಾವ ಪ್ರಾಣಿ ಇದೆ ಪ್ರಸಾದ್?”

“ಅದು... ಸೀನರಿ ಅಕ್ಕ,” ಎಂದು ಬೇಗ ಬೇಗ ಮುಂದೆ ಸರಿಸಿದ.

ಇಂಡಸ್ಟ್ರಿಯಲ್ ಏರಿಯಾ

ಊಟ ಕೆಡದ ಹಾಗೆ ಇಡಲು ದೊಡ್ಡ ಐಸ್ ಪೆಟ್ಟಿಗೆ ಬೇಕಾಗಿತ್ತು. ಅದು ರಮೇಶರ ಫ್ಯಾಕ್ಟರಿಯಲ್ಲಿತ್ತು. “ಬನ್ನಿ ಅಕ್ಕ, ಊರು ನೋಡಿದ ಹಾಗಾಗುತ್ತೆ,” ಎಂದು ಪ್ರಸಾದ್ ಕರೆದ. ಸ್ವಲ್ಪ ದೂರ, ಈಗ ಹೋಗಿ ಈಗ ಬರುವುದು ಎಂದ. ನಾನು ಕಾಫಿ ಕುಡಿದು ಕಾರು ಹತ್ತಿದೆ. ಮಾಡಿದ ತಪ್ಪು ಅದೇ.

ಇಂಡಸ್ಟ್ರಿಯಲ್ ಏರಿಯಾದ ಜಾಮ್ ನೋಡಿದ ಮೇಲೆ ನಾನು ಬೆಂಗಳೂರಿನ ಸಿಲ್ಕ್ ಬೋರ್ಡಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಲಾರಿ. ಚಾಲಕರು ಇಳಿದು ಒಬ್ಬರಿಗೊಬ್ಬರು ಕೈ ಕುಲುಕಿ ಮಾತಾಡುತ್ತ ನಿಂತಿದ್ದರು. ಯಾರಿಗೂ ಸಿಟ್ಟಿಲ್ಲ, ಹಾರ್ನ್ ಇಲ್ಲ. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ಇಬ್ಬರ ಕೊರಳಪಟ್ಟಿ ಇಬ್ಬರ ಕೈಯಲ್ಲಿರುತ್ತಿತ್ತು. ಅವರ ಸಮಾಧಾನ ಕಂಡು ನನಗೆ ಇನ್ನೂ ಸಂಕಟವಾಯಿತು. ಸಾಲದ್ದಕ್ಕೆ ಕಾರುಗಳ ನಡುವೆ ನೀರಿನ ಬಾಟಲಿ ಮಾರುವವರು ಓಡಾಡುತ್ತಿದ್ದರು. “ಮಾಜಿ, ಮಾಜಿ,” ಎಂದು ತಮ್ಮ ಭಾಷೆಯಲ್ಲಿ ನೀರಿನ ಹೆಸರು ಕೂಗುತ್ತ ಒಬ್ಬ ತಣ್ಣನೆಯ ಬಾಟಲಿಯನ್ನು ನನ್ನ ಕಿಟಕಿಗೇ ಒತ್ತಿ ಹಿಡಿದ. ನಾನು ಮುಖ ತಿರುಗಿಸಿ ಆಂಜನೇಯನನ್ನು ನೆನೆದೆ.

ಫ್ಯಾಕ್ಟರಿ ತಲುಪಿದಾಗ ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ರಮೇಶರು ಬಾಗಿಲಲ್ಲೇ ಎದುರಾಗಿ, “ಟೀಚರ್ ಬಂದದ್ದು ನಮ್ಮ ಭಾಗ್ಯ. ನಮ್ಮ ಪ್ಲಾಂಟ್ ನೋಡ್ಬೇಕು ನೀವು,” ಎಂದರು. ನನ್ನ ಹಣೆಬರಹ ನೋಡಿ, ಅದು ಕುಡಿಯುವ ನೀರು ತುಂಬುವ ಫ್ಯಾಕ್ಟರಿ. ಸಾಲಾಗಿ ಬಾಟಲಿಗಳು ಬರುತ್ತವೆ, ಮೇಲಿನಿಂದ ನೀರು ಜರ್ರೆಂದು ಸುರಿಯುತ್ತದೆ, ಬಾಟಲಿ ಮುಂದೆ ಹೋಗುತ್ತದೆ, ಮತ್ತೆ ಜರ್ರೆಂದು ಸುರಿಯುತ್ತದೆ. ರಮೇಶರು ಪ್ರತಿ ಯಂತ್ರದ ಮುಂದೆ ನಿಂತು ವಿವರಿಸಿದರು. ನಾನು ಕಾಲು ಹೆಣೆದುಕೊಂಡು ತಲೆಯಾಡಿಸಿದೆ.

ಬಾಟಲಿಗೆ ಚೀಟಿ ಅಂಟಿಸುತ್ತಿದ್ದ ಒಬ್ಬ ನಡುವಯಸ್ಸಿನ ಹೆಂಗಸು ನನ್ನ ಮುಖವನ್ನೇ ನೋಡಿದಳು. ಕೈ ಒರೆಸಿಕೊಂಡು ಎದ್ದು ಬಂದು, “ಪೋಲೆ, ಮಾಮಾ,” ಎಂದು ನನ್ನ ಕೈ ಹಿಡಿದು ಪಕ್ಕದ ಬಾಗಿಲಿಗೆ ಕರೆದುಕೊಂಡು ಹೋದಳು. ಇಲ್ಲಿಯ ಜನ ಯಾರಾದರೂ ಎಡವಿದರೂ, ಕೆಮ್ಮಿದರೂ ‘ಪೋಲೆ’ ಎನ್ನುತ್ತಾರೆ. ಅಯ್ಯೋ ಪಾಪ ಎಂದ ಹಾಗೆ; ‘ಮಾಮಾ’ ಎಂದರೆ ಅಮ್ಮ. ವಾಪಸು ಬಂದ ಮೇಲೆ ನಾನು ಅವಳಿಗೆ ಹೇಳಿದ ‘ಅಸಾಂಟೆ’ಯಷ್ಟು ಮನಃಪೂರ್ವಕವಾಗಿ ಯಾರಿಗೂ ಥ್ಯಾಂಕ್ಸ್ ಹೇಳಿದ ನೆನಪಿಲ್ಲ. ರಮೇಶರು ಅಲ್ಲೇ ನಿಂತಿದ್ದರು, ಮುಂದಿನ ಯಂತ್ರ ತೋರಿಸಲು.

ಅಂದು ಹಿಂದಿರುಗುವಾಗ ನನಗೆ ಒಂದು ವಿಷಯ ನಿಶ್ಚಯವಾಯಿತು. ಊರೊಳಗೇ ಹೀಗಾದರೆ ಕಾಡಿನಲ್ಲಿ ನನ್ನ ಗತಿ ಏನು?

ಸಿಬಿಡಿ

ಪ್ರವಾಸದ ಕಚೇರಿ ಊರ ನಡುವಿನ ಸಿಬಿಡಿಯಲ್ಲಿತ್ತು. ಬ್ಯಾಂಕುಗಳು, ಎತ್ತರದ ಕಟ್ಟಡಗಳು, ಇಸ್ತ್ರಿ ಮಾಡಿದ ಸೂಟು ತೊಟ್ಟು ಸರಸರ ನಡೆಯುವ ಜನ. ಮದುವೆ ಮನೆಯಿಂದ ನೇರ ಆಫೀಸಿಗೆ ಬಂದವರ ಹಾಗೆ ಅಲಂಕಾರ. ಸ್ವೆಟರ್ ಮೇಲೆ ಸೀರೆ ಸೆರಗು ಸಿಕ್ಕಿಸಿಕೊಂಡಿದ್ದ ನಾನು ಅವರ ನಡುವೆ ಮನೆಗೆಲಸ ಅರ್ಧಕ್ಕೆ ಬಿಟ್ಟು ಬಂದವಳಂತೆ ಕಾಣುತ್ತಿದ್ದೆ.

ಅಲ್ಲಿ ನಾನು ಕಂಡ ಅತ್ಯುತ್ತಮ ಕಟ್ಟಡ ಒಂದು ಸಾರ್ವಜನಿಕ ಶೌಚಾಲಯ. ಚಿಲ್ಲರೆ ತೆಗೆದುಕೊಂಡು ಒಳಗೆ ಬಿಡುತ್ತಾರೆ. ನೆಲ ಒಣಗಿತ್ತು, ರೇಡಿಯೊ ಹಾಡುತ್ತಿತ್ತು, ಬಾಗಿಲ ಬಳಿ ಹೂವಿನ ಕುಂಡವಿತ್ತು. ನಮ್ಮ ರೈಲ್ವೆ ಸ್ಟೇಷನ್ನುಗಳಲ್ಲಿ ಮೂಗಿಗೆ ಸೆರಗು ಹಿಡಿದೇ ಒಳಗೆ ಹೋದವಳು ನಾನು; ಇಲ್ಲಿ ಸ್ವಲ್ಪ ಹೊತ್ತು ಹಾಡು ಕೇಳಿಕೊಂಡೇ ನಿಂತೆ. ಹೊರಗೆ ಕಾಯುತ್ತಿದ್ದ ಪದ್ಮ, “ಏನಕ್ಕ, ಇಷ್ಟ್ ಹೊತ್ತು?” ಎಂದಳು. ಸಿನಿಮಾ ನೋಡಿ ಬಂದೆ ಎಂದೆ.

ಕಚೇರಿಯಲ್ಲಿದ್ದ ಹುಡುಗಿಯ ಹೆಸರು ಅಟಿಯೆನೊ. ನಗುಮುಖದವಳು, ಮಾತು ಪಟಪಟ. “ನಿಮಗೆ ಏನಾದರೂ ವಿಶೇಷ ಅಗತ್ಯಗಳಿವೆಯೇ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆ ಮಾತು ನನ್ನನ್ನೇ ನೋಡಿ ಕೇಳಿದ ಹಾಗಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಪ್ರಸಾದ್ ಮುಂದೆ ಬಾಗಿ, ಕ್ಯಾಂಪಿನ ಅಡುಗೆಯಲ್ಲಿ ಮೊಟ್ಟೆ ಇರಬಾರದು, ಅಕ್ಕನಿಗೆ ಈರುಳ್ಳಿ ಬೆಳ್ಳುಳ್ಳಿ ಆಗದು, ಸಾರು ಮಾಡುವ ಪಾತ್ರೆ ಬೇರೆ ಇರಲಿ ಎಂದು ಶುರು ಮಾಡಿದ. ಪದ್ಮ ಮೊಸರಿನ ವಿಷಯ ಸೇರಿಸಿದಳು. ಅಟಿಯೆನೊ ಎಲ್ಲ ಬರೆದುಕೊಂಡಳು. ನಾನು ತೆರೆದ ಬಾಯಿಯನ್ನು ಆಕಳಿಕೆ ಮಾಡಿ ಮುಚ್ಚಿಕೊಂಡೆ.

ಹೊರಡುವಾಗ ಅವಳು ಬೆರಳೆತ್ತಿ ಹೇಳಿದಳು: “ಅಭಯಾರಣ್ಯದ ಒಳಗೆ ಡ್ರೈವರ್ ಹೇಳದೆ ಯಾರೂ ವ್ಯಾನಿನಿಂದ ಇಳಿಯಬೇಡಿ. ನೀವು ಅತಿಥಿಗಳು ಅಂತ ಸಿಂಹಕ್ಕೆ ಗೊತ್ತಿರುವುದಿಲ್ಲ.”

ಆ ಒಂದು ಮಾತು ನನ್ನ ಆಸೆಯ ಮೇಲೆ ಕಲ್ಲು ಹಾಕಿತು. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಹೋಗದೆ ಇದ್ದರೆ ಪದ್ಮ ಅಳುತ್ತಾಳೆ. ಹೋದರೆ ನಾನು ಅಳುತ್ತೇನೆ. ಉಳಿದದ್ದು ನನ್ನ ಹಳೆಯ ವಿದ್ಯೆ ಒಂದೇ: ಶುಕ್ರವಾರ ಮಧ್ಯಾಹ್ನದಿಂದಲೇ ನೀರು ನಿಲ್ಲಿಸಿಬಿಡುವುದು. ಹೀಗೆ ಮಾಡಿದರೆ ಆಸ್ಪತ್ರೆಗೆ ಸೇರುತ್ತೀರಿ ಎಂದು ಊರಿನ ಡಾಕ್ಟರು ಹೋದ ವರ್ಷವೇ ಬೈದಿದ್ದರು. ಅವರು ಅರಸೀಕೆರೆಯಲ್ಲಿದ್ದರು, ನಾನು ನೈರೋಬಿಯಲ್ಲಿದ್ದೆ.

ಮತ್ತೆ ಪಂಗಾನಿ

ಗುರುವಾರ ಶೈಲಾ ಮೇಲಿನಿಂದ ಒಂದು ಜಗ್ ಮಜ್ಜಿಗೆ ತಂದಳು. ನಾನು ಅಭ್ಯಾಸಕ್ಕೆಂದು ಆಗಲೇ ಕಡಿಮೆ ಕುಡಿಯಲು ಶುರು ಮಾಡಿದ್ದೆ. ಬೇಡ ಎಂದೆ. ಅರ್ಧ ಲೋಟವಾದರೂ ಎಂದಳು. ಬೇಡ ಎಂದೆ. ಅವಳ ಕಣ್ಣು ಅರಳಿತು.

“ಎಂತ ಟೀಚರಕ್ಕ, ವ್ರತ ಉಂಟಾ?”

ನಾನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ತಲೆ ಸ್ವಲ್ಪ ಆಡಿತು ಅಷ್ಟೆ. ಅವಳಿಗೆ ಅಷ್ಟು ಸಾಕಾಯಿತು.

“ಏಕಾದಶಿ ಇವತ್ತಲ್ಲ. ಯಾವ ವ್ರತ?”

“ಇದು ನಮ್ಮನೇಲಿ ಮಾತ್ರ ಮಾಡೋದು. ನಿರ್ಜಲ ಶನಿವಾರ ಅಂತ,” ಎಂದೆ. ಬೋರ್ಡಿನ ಮುಂದೆ ನಿಂತು ನಿಂತು ಬಾಯಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ ನನಗೆ. “ಎರಡು ದಿನ ಮುಂಚಿನಿಂದ್ಲೇ ಕಡಿಮೆ ಮಾಡ್ತಾ ಬರ್ಬೇಕು.”

ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವುದಕ್ಕೆ ನೈರೋಬಿಯ ಕನ್ನಡ ಹೆಂಗಸರ ವಾಟ್ಸಾಪ್ ಗುಂಪೂ ಹೊರತಲ್ಲ. ಸಂಜೆಯೊಳಗೆ ನನಗೆ ಫೋನುಗಳು ಬರತೊಡಗಿದವು. ಯಾವ ದೇವರಿಗೆ? ನೈವೇದ್ಯ ಏನು? ಮಗನ ಪರೀಕ್ಷೆ ಇದೆ, ಅವನ ಪರವಾಗಿ ನಾನು ಮಾಡಬಹುದಾ? ಹಾವೂ ಸಾಯದ, ಕೋಲೂ ಮುರಿಯದ ಉತ್ತರ ಕೊಟ್ಟು ಕೊಟ್ಟು ಬಾಯಿ ಒಣಗಿತು. ಒಣಗಿದ ಬಾಯಿಗೆ ನೀರು ಕುಡಿಯುವ ಹಾಗೂ ಇರಲಿಲ್ಲ.

ಆಫೀಸಿನಿಂದ ಬಂದ ಪ್ರಸಾದ್‌ಗೂ ಸುದ್ದಿ ಮುಟ್ಟಿತ್ತು. ಒಳ್ಳೆಯ ಹುಡುಗ, ನನ್ನ ಮೇಲೆ ಗೌರವ ಜಾಸ್ತಿ. “ಅಕ್ಕ, ಮೊದಲೇ ಹೇಳೋದಲ್ವಾ? ನಿಮ್ಮ ವ್ರತ ಮುಗೀಲಿ. ಸಂಡೇ ಹೊರಡೋಣ. ಅಟಿಯೆನೊಗೆ ಮೆಸೇಜ್ ಹಾಕ್ತೀನಿ.”

ಶನಿವಾರದ ವ್ರತ ಇಟ್ಟುಕೊಂಡು ಭಾನುವಾರ ಪ್ರಯಾಣ ಮಾಡಿದರೆ ವ್ರತದ ಪ್ರಯೋಜನವೇನು? “ಬೇಡ ಬೇಡ,” ಎಂದೆ. “ಪ್ರಯಾಣ ಮಾಡ್ತಾ ಮಾಡಿದ್ರೆ ಫಲ ಇನ್ನೂ ಜಾಸ್ತಿ.”

“ಹೌದಾ!” ಎಂದಳು, ಜಗ್ ವಾಪಸು ಒಯ್ಯಲು ಬಂದಿದ್ದ ಶೈಲಾ. “ಹಾಗಾದ್ರೆ ನಾನೂ ಹಿಡೀತೇನೆ.”

“ನಾನೂ,” ಎಂದಳು ಪದ್ಮ, ಅಡುಗೆಮನೆಯಿಂದ ಸೌಟು ಹಿಡಿದೇ ಬಂದು. ಅಷ್ಟು ಅವಸರದಲ್ಲಿ ಅವಳು ಯಾವ ದೇವರ ಕೆಲಸಕ್ಕೂ ಬಂದದ್ದನ್ನು ನಾನು ನೋಡಿರಲಿಲ್ಲ. ಸತ್ಯನಾರಾಯಣ ಪೂಜೆಯ ಕಥೆಗೆ ತೂಕಡಿಸುವವಳು ಅವಳು.

ಪ್ರಸಾದ್ ಮೂವರ ಮುಖವನ್ನೂ ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಗಂಭೀರವಾಯಿತು.

“ಮೂರು ಜನ ಲೇಡೀಸು, ಇಡೀ ದಿನ ನೀರಿಲ್ದೆ, ಆ ಧೂಳಲ್ಲಿ, ಆ ರಸ್ತೆಲಿ? ಯಾರಾದ್ರೂ ತಲೆ ತಿರುಗಿ ಬಿದ್ರೆ ಹತ್ರದಲ್ಲಿ ಡಾಕ್ಟರ್ ಇಲ್ಲ. ಸಾರಿ ಅಕ್ಕ, ಈ ರಿಸ್ಕ್ ನಾನು ತಗೊಳಲ್ಲ. ಒಂದೋ ವ್ರತ ಬಿಡಿ, ಇಲ್ಲಾಂದ್ರೆ ಟ್ರಿಪ್ ಕ್ಯಾನ್ಸಲ್. ನಾಳೆ ಸಂಜೆ ಒಳಗೆ ಹೇಳಿ.”

ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದೇ ಕಷ್ಟವಾಗಿತ್ತು.

ಶುಕ್ರವಾರವೆಲ್ಲ ಮನೆ ಸೂತಕದ ಮನೆಯ ಹಾಗಿತ್ತು. ಇಶಾ ಬ್ಯಾಗು ತುಂಬಿಕೊಂಡು ಬಾಗಿಲ ಬಳಿ ಇಟ್ಟು, “ಆರ್ ವಿ ಗೋಯಿಂಗ್ ಆರ್ ನಾಟ್?” ಎಂದು ಬಂದಾಗಲೆಲ್ಲ ಕೇಳುತ್ತಿದ್ದಳು. ನಾನು ಬಾಲ್ಕನಿಯಲ್ಲಿ ಕೂತು ಮಟಾಟು ನೋಡುತ್ತಿದ್ದೆ. ಹುಲ್ಲುಗಾವಲು ಅಲ್ಲೇ, ಇಷ್ಟೇ ದೂರದಲ್ಲಿತ್ತು. ಬರೀ ಒಂದು ಮಾತು ಆಡಲಾರದೆ ವಾಪಸು ಹೋಗಬೇಕಲ್ಲ ಎಂದು ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಸಂಜೆ ನಾನು ಪದ್ಮನ ಜೊತೆ ಚಪಾತಿ ಲಟ್ಟಿಸುತ್ತಿದ್ದಾಗ ಶೈಲಾ ಬಂದಳು. ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಟೀಚರಕ್ಕ, ಒಂದು ಸಂಶಯ ಉಂಟು. ಈ ವ್ರತ ಹೋಗುವ ದಿನಕ್ಕೆ ಮಾತ್ರವಾ? ಬರುವ ದಿನಕ್ಕೆ ಇಲ್ವಾ?”

“ಬರೋದು ಸೋಮವಾರ ಅಲ್ವಾ?”

“ಹೌದು ಮಾರಾಯ್ರೆ, ಅದಕ್ಕೇ ಕೇಳಿದ್ದು. ನಿರ್ಜಲ ಸೋಮವಾರ ಅಂತ ಎಂತದಾದ್ರೂ ಉಂಟಾ?”

ನಾನು ಲಟ್ಟಣಿಗೆ ಕೆಳಗಿಟ್ಟೆ. ಹೊಟ್ಟೆನೋವು ಎಂದು ಪರೀಕ್ಷೆ ದಿನವೇ ಮಲಗುವ ಮಕ್ಕಳನ್ನು ನೋಡಿದ ಕಣ್ಣು ಇದು. ದೇವರ ಮೇಲೆ ಇಷ್ಟು ಭಕ್ತಿ ಇರುವವರು ದೇವರ ಹೆಸರು ಕೇಳುತ್ತಾರೆ, ರಸ್ತೆಯ ವೇಳಾಪಟ್ಟಿ ಕೇಳುವುದಿಲ್ಲ.

“ಶೈಲಾ, ನಿಜ ಹೇಳಿ. ನೀವು ಈ ವ್ರತ ಹಿಡಿದದ್ದು ದೇವರಿಗೋಸ್ಕರನಾ, ಡ್ರೈವರಿಗೋಸ್ಕರನಾ?”

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗಲು ಶುರು ಮಾಡಿದವಳು ನೆಲದ ಮೇಲೇ ಕೂತುಬಿಟ್ಟಳು.

“ಹೋದ ಸಲ ಅಂಬೊಸೆಲಿ ಕಾಡಿಗೆ ಹೋದಾಗ ನಾನು ಸತ್ತೇ ಹೋಗ್ತಿದ್ದೆ ಅಕ್ಕ! ಡ್ರೈವರ್ ಗಂಡಸು, ಹತ್ರ ಪ್ರಸಾದಣ್ಣ, ಇವರು. ಹೇಗೆ ಹೇಳುದು? ಕಣ್ಣೆದುರು ಆನೆ ನಿಂತಿತ್ತು. ಎಲ್ಲ ಫೋಟೋ ತೆಗಿತಿದ್ರು. ನನಗೆ ಆನೆಯೂ ಬೇಡ, ಎಂತದೂ ಬೇಡ!”

“ನಾನು ಹೋದ್ಸಲ ಹಿಂದಿನ ರಾತ್ರಿಯಿಂದ್ಲೇ ನೀರು ಬಿಟ್ಟಿದ್ದೆ,” ಎಂದಳು ಪದ್ಮ ಮೆಲ್ಲಗೆ. ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. “ಮೂರು ದಿನ ತಲೆನೋವು. ಇವರ ಹತ್ರ ಮೈಗ್ರೇನ್ ಅಂದೆ.”

ನನ್ನ ಒಡಹುಟ್ಟಿದ ತಂಗಿ. ಒಂದೇ ಮನೆಯಲ್ಲಿ ಬೆಳೆದವರು, ಒಂದೇ ವಿದ್ಯೆ ಕಲಿತವರು, ಒಬ್ಬರಿಗೊಬ್ಬರು ಹೇಳಿಕೊಳ್ಳದವರು. ನನಗೆ ನಗು ಬಂತು, ಹಿಂದೆಯೇ ಅಳು ಬಂತು, ಎರಡೂ ಸೇರಿ ಶೈಲಾ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಪದ್ಮನೂ ಕೂತಳು. ತವಾದ ಮೇಲಿನ ಚಪಾತಿ ಕರಕಲಾಗಿ ಹೊಗೆ ಬಂತು.

ಹೊಗೆಗೆ ಪ್ರಸಾದ್ ಓಡಿ ಬಂದ. ಇನ್ನು ನಾಚಿಕೆಗೆ ಏನೂ ಉಳಿದಿರಲಿಲ್ಲ. ಮಕ್ಕಳು ಪಾಠ ಒಪ್ಪಿಸಿದ ಹಾಗೆ ನಾನು ಎಲ್ಲವನ್ನೂ ಗಟ್ಟಿಯಾಗಿ ಹೇಳಿಬಿಟ್ಟೆ: ಶಾಲೆ, ಬೀಗದ ಕೈ, ಡಾಕ್ಟರು, ನಿರ್ಜಲ ಶನಿವಾರ. “ನಿನ್ನ ಪ್ಲ್ಯಾನಲ್ಲಿ ಮಸಾಲೆ ಡಬ್ಬಿಗೆ ಜಾಗ ಇದೆ ಪ್ರಸಾದ್, ನಮಗೆ ಇಳಿಯೋಕೆ ಜಾಗ ಇಲ್ಲ. ಗಂಡಸರಿಗೆ ಇದೆಲ್ಲ ಹೊಳೆಯಲ್ಲ ಬಿಡು.”

“ಹಾಗಲ್ಲ ಅಕ್ಕ, ನಾನು ಫೋಟೋ ತೆಗೆಯೋಕೆ ಅಂತ ಇಳಿಯೋದು...” ಎಂದವನು ತಟ್ಟನೆ ನಿಲ್ಲಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾವು ಫೋಟೋ ಸುದ್ದಿಯನ್ನೇ ಎತ್ತಿರಲಿಲ್ಲ.

ಪೊದೆ, ಇನ್ನೊಂದು ಪೊದೆ, ವ್ಯಾನಿನ ಹಿಂದಿನ ಚಕ್ರ, ಮತ್ತೆ ಪೊದೆ.

“ಸೀನರಿ!” ಎಂದಳು ಪದ್ಮ. ಅವನ ಕಿವಿ ಕೆಂಪಾಯಿತು. ಶುಗರ್ ಶುರುವಾದಾಗಿನಿಂದ ತನಗೂ ತಡೆಯಲಾಗುವುದಿಲ್ಲ, ಡ್ರೈವರ್ ಹತ್ತಿರ ಫೋಟೋ ಸ್ಟಾಪ್ ಎಂದು ಹೇಳುತ್ತಿದ್ದೆ ಎಂದು ಒಪ್ಪಿಕೊಂಡ. ನಾವು ಮೂವರೂ ಅವನನ್ನು ಒಂದು ಗಳಿಗೆ ಕೋಪದಿಂದ ನೋಡಿದೆವು. ಅವನಿಗಾದರೂ ಕ್ಯಾಮೆರಾ ಇತ್ತು.

ಅಟಿಯೆನೊಗೆ ಫೋನು ಮಾಡಿದ್ದು ಪದ್ಮ. ಸ್ಪೀಕರ್ ಹಾಕಿ, ಕಣ್ಣು ಮುಚ್ಚಿಕೊಂಡು, ಒಂದೇ ಉಸಿರಿನಲ್ಲಿ ಕೇಳಿದಳು. ಆ ಕಡೆಯಿಂದ ನಗು ಕೇಳಿಸಿತು.

“ಅಯ್ಯೋ, ಪೋಲೆ ಸಾನಾ! ಎಲ್ಲರೂ ಮೊದಲು ಕೇಳುವುದೇ ಇದನ್ನು. ಆಮೇಲೆ ಸಿಂಹದ ವಿಷಯ. ನೀವು ಈರುಳ್ಳಿ ವಿಷಯ ಮಾತ್ರ ಕೇಳಿದಿರಿ. ನಿಮಗೆ ಬೇಕಾಗುವುದಿಲ್ಲವೇನೋ ಅಂದುಕೊಂಡೆ.”

ದಾರಿಯಲ್ಲಿ ಎಲ್ಲೆಲ್ಲಿ ಒಳ್ಳೆಯ ಜಾಗಗಳಿವೆ, ಕಾಡಿನೊಳಗೆ ಡ್ರೈವರ್ ಹೇಗೆ ಸುತ್ತ ನೋಡಿ ಬಯಲಿನಲ್ಲಿ ನಿಲ್ಲಿಸುತ್ತಾನೆ, ಎಲ್ಲವನ್ನೂ ಅವಳು ಹೇಳಿದಳು. ಪ್ರಸಾದ್ ಲ್ಯಾಪ್‌ಟಾಪ್ ತೆರೆದು ಹೊಸ ಚೌಕಗಳನ್ನು ಹಾಕಿದ. ನೀಲಿ ಬಣ್ಣ. ನಾನು ಅವತ್ತು ಮಲಗುವ ಮೊದಲು ಎರಡು ಲೋಟ ಮಜ್ಜಿಗೆ ಕುಡಿದೆ. ಎಷ್ಟು ಹಗುರವಾಗಿ ನಿದ್ದೆ ಬಂತೆಂದರೆ, ಮಗುವಾಗಿದ್ದಾಗ ಹಾಗೆ ಮಲಗಿದ್ದಿರಬೇಕು.

ಹುಲ್ಲುಗಾವಲು

ನಮ್ಮ ಡ್ರೈವರ್ ಕಮಾವು ಎಂಬ ಯುವಕ. ವ್ಯಾನು ಹತ್ತುವಾಗಲೇ, “ಮಾಮಾ, ಬೇಕೆನಿಸಿದಾಗ ಹೇಳಿ, ನನಗೂ ಅಜ್ಜಿ ಇದ್ದಾಳೆ,” ಎಂದ. ಅಜ್ಜಿ ಎಂದದ್ದನ್ನು ಕ್ಷಮಿಸಿದೆ. ಬೆಟ್ಟದ ಅಂಚಿನಲ್ಲಿ ಮರದ ಜಿರಾಫೆ ಮಾರುವ ಅಂಗಡಿಗಳ ಬಳಿ ನಿಂತೆವು, ನಾರೋಕ್ ಊರಿನಲ್ಲಿ ನಿಂತೆವು. ಪ್ರತಿ ಸಲವೂ ಶೈಲಾ ಮೊದಲು ಇಳಿಯುತ್ತಿದ್ದಳು, ತಲೆಯೆತ್ತಿಕೊಂಡು. ಪ್ರಸಾದ್ ಕ್ಯಾಮೆರಾವನ್ನು ಸೀಟಿನ ಮೇಲೆ ಬಿಟ್ಟೇ ಇಳಿದ.

ಆಫ್ರಿಕನ್ ಮಸಾಜ್ ಮುಗಿದು ಅಭಯಾರಣ್ಯದ ಒಳಗೆ ಸ್ವಲ್ಪ ದೂರ ಹೋದ ಮೇಲೆ, ಎಲ್ಲಿಯೂ ಏನೂ ಇಲ್ಲದ ಕಡೆ, ನನಗೆ ಅರ್ಜೆಂಟಾಯಿತು. ನೀಲಿ ಚೌಕ ಇನ್ನೂ ದೂರವಿತ್ತು. ಕಾಲು ಹೆಣೆದುಕೊಂಡೆ, ಅಭ್ಯಾಸಬಲ. ಆಮೇಲೆ ಗಂಟಲು ಸರಿಮಾಡಿಕೊಂಡು, ತರಗತಿಯ ಕೊನೆಯ ಬೆಂಚಿಗೂ ಕೇಳುವ ಧ್ವನಿಯಲ್ಲಿ ಹೇಳಿದೆ: “ಕಮಾವು, ನಿಲ್ಸಪ್ಪ.”

ಕನ್ನಡದಲ್ಲೇ ಹೇಳಿದೆ. ಅವನಿಗೆ ಅರ್ಥವಾಯಿತು. ವ್ಯಾನನ್ನು ಒಂದು ಸುತ್ತು ಹೊಡೆಸಿ, ನಾಲ್ಕೂ ಕಡೆ ಕಣ್ಣಾಡಿಸಿ, ಹುಲ್ಲು ಗಿಡ್ಡವಾಗಿದ್ದ ಬಯಲಿನಲ್ಲಿ ನಿಲ್ಲಿಸಿದ. ತಾನು ಬಾನೆಟ್ ಕಡೆ ಹೋಗಿ ಆ ಕಡೆ ತಿರುಗಿ ನಿಂತು ಕಾವಲು ಕಾದ. ಪದ್ಮ ಮತ್ತು ಶೈಲಾ ಹಿಂದಿನ ಚಕ್ರದ ಪಕ್ಕದಲ್ಲಿ ಹೂವಿನ ಚಿತ್ತಾರದ ಒಂದು ದೊಡ್ಡ ಬಟ್ಟೆಯನ್ನು ಅಡ್ಡ ಹಿಡಿದರು. ಇಲ್ಲಿಯ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆ, ದಾರಿಯಲ್ಲಿ ನಾರೋಕ್‌ನಲ್ಲಿ ಕೊಂಡದ್ದು.

ನಾನು ಕೂತೆ. ಮೂರು ಕಡೆ ಮರೆ, ನಾಲ್ಕನೆಯ ಕಡೆ ಆಫ್ರಿಕಾ. ಬಂಗಾರದ ಬಣ್ಣದ ಹುಲ್ಲು ಕಣ್ಣು ಹೋದಷ್ಟೂ ದೂರ, ಗಾಳಿಗೆ ಮಲಗಿ ಏಳುತ್ತಿತ್ತು. ನಡುವೆ ಒಂದು ಜಾಲಿ ಮರ, ತಲೆ ಚಪ್ಪಟೆ. ನಾನು ಬಿಡಿಸುತ್ತಿದ್ದದ್ದು ಸರಿಯಾಗಿಯೇ ಇತ್ತು. ಗಂಟಲು ಒಣಗಿಸಿಕೊಂಡು ಅದೆಷ್ಟು ವರ್ಷ ಈ ಮರವನ್ನು ಸೀಮೆಸುಣ್ಣದಲ್ಲಿ ಬರೆದೆನಲ್ಲ, ಈಗ ಅದರ ಎದುರಿಗೇ ಹಾಯಾಗಿ ಕೂತಿದ್ದೇನೆ ಎನ್ನಿಸಿ ಮೈಯೆಲ್ಲ ಹಗುರವಾಯಿತು. ದೂರದಲ್ಲಿ ಜೀಬ್ರಾಗಳು ತಲೆಯೆತ್ತಿ ನನ್ನನ್ನು ನೋಡಿದವು. ನೋಡಲಿ ಬಿಡಿ, ನಾನೂ ಅವನ್ನು ನೋಡಲೆಂದೇ ಬಂದವಳು.

“ಆಯ್ತಾ ಅಕ್ಕ? ಕೈ ನೋಯ್ತಿದೆ,” ಎಂದಳು ಪದ್ಮ.

“ಇನ್ನೊಂದು ನಿಮಿಷ ಹಿಡ್ಕೊಳೆ. ಸೀನರಿ ನೋಡ್ತಿದೀನಿ.”

ವ್ಯಾನು ಹತ್ತಿದೆ. “ಸವಾ?” ಎಂದು ಕಮಾವು ಕೇಳಿದ. “ಸವಾ,” ಎಂದೆ, ಎಲ್ಲ ಸರಿಯಾಗಿದೆ ಎಂದು. ಆಮೇಲೆ ಪ್ರಯಾಣದ ನಡುವೆ ಜೀವನದಲ್ಲಿ ಎಂದೂ ಕೇಳದಿದ್ದ ಒಂದನ್ನು ಕೇಳಿದೆ.

“ಪದ್ಮಾ, ನೀರು ಕೊಡು.”

ರಮೇಶರ ಫ್ಯಾಕ್ಟರಿಯ ಬಾಟಲಿ, ಐಸ್ ಪೆಟ್ಟಿಗೆಯಿಂದ ತೆಗೆದದ್ದು. ಮುಚ್ಚಳ ತಿರುಗಿಸಿ ತಲೆಯೆತ್ತಿ ಕುಡಿಯತೊಡಗಿದೆ. ಅಷ್ಟರಲ್ಲಿ ಇಶಾ ನನ್ನ ತೋಳು ಹಿಡಿದು ಜಗ್ಗಿದಳು. ಅವಳಿಗೆ ಇಂಗ್ಲಿಷ್ ಮರೆತೇ ಹೋಗಿತ್ತು.

“ದೊಡ್ಡಮ್ಮ, ಸಿಂಹ! ಅಲ್ಲಿ ನೋಡಿ, ಸಿಂಹ!”

ಇರಲಿ ಎಂದು ಕೈಸನ್ನೆ ಮಾಡಿದೆ. ಬಾಟಲಿ ಖಾಲಿಯಾದ ಮೇಲೆಯೇ ಆ ಕಡೆ ತಿರುಗಿದೆ.